ಎಂಜಿನ್ನಿಲ್ಲದ ವಿಮಾನಕ್ಕೆ ಹಚ್ಚಿದ ರೇಡಿಯಂ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಚಾಳಿಯಿದೆ. ಎದುರಿಗೆ ಅಂಟಿಸಿದ್ದು ಏನಾದರೂ ಕಂಡರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಅದರ ಅಂಚನ್ನು ಒತ್ತಿ ನೋಡುತ್ತದೆ. ಬಸ್ಸಿನಲ್ಲಿ ಕೂತರೆ ಕಿಟಕಿಯ ಮೇಲಿನ ಚೀಟಿ, ಬ್ಯಾಂಕಿಗೆ ಹೋದರೆ ಮೇಜಿನ ಸನ್‌ಮೈಕಾ, ಖಾನಾವಳಿಯಲ್ಲಿ ನೀರಿನ ಬಾಟಲಿಯ ಲೇಬಲ್ಲು. ಹೋದ ತಿಂಗಳು ಸುರಪುರದಲ್ಲಿ ಬೀಗರ ಮನೆಯ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರ ಮೊಣಕೈಗೆ ದವಾಖಾನೆಯಲ್ಲಿ ಹಚ್ಚಿದ್ದ ಪಟ್ಟಿಯ ಒಂದು ಮೂಲೆ ಎದ್ದಿತ್ತು. ಇನ್ನೂ ಹೋಳಿಗೆ ಮುಟ್ಟಿರದ ಹೆಬ್ಬೆರಳು ಮೊದಲು ಹೋಗಿ ಆ ಮೂಲೆಯನ್ನು ನೀಟಾಗಿ ಒತ್ತಿ ಬಂದಿತು.

"ಯಾಕಪಾ, ನಿನ್ನ ಕಣ್ಣಿಗಿ ನಾ ಏನ್ ಟ್ರ್ಯಾಕ್ಟರ್ ಕಂಡಂಗ ಕಾಣ್ತೀನಿ?" ಅಂದರು ಅವರು. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಅವರು ಟ್ರ್ಯಾಕ್ಟರ್ ಅಂದದ್ದಕ್ಕೆ ಕಾರಣವಿದೆ. ಶಹಾಪುರದಲ್ಲಿ ನನ್ನದು ರೇಡಿಯಂ ಅಂಗಡಿ. ರೇಡಿಯಂ ಅಂದರೆ ವಿಜ್ಞಾನದ ಪುಸ್ತಕದ್ದಲ್ಲ. ಗಾಡಿಗೆ ಹಚ್ಚುವ ಬಣ್ಣದ ಅಂಟುಹಾಳೆ ಯಾವುದೇ ಇರಲಿ, ನಮ್ಮ ಕಡೆ ಅದಕ್ಕೆ ಅದೇ ಹೆಸರು. ಮಾಡುವ ಕಂಪನಿಯವರು ವಿನೈಲ್ ಅನ್ನುತ್ತಾರೆ. ಮೋಟರ್ ಸೈಕಲ್ಲಿನ ಟ್ಯಾಂಕು, ಆಟೋದ ಹಿಂಭಾಗ, ನೀರಿನ ಟ್ಯಾಂಕರಿನ ಹೊಟ್ಟೆ, ಟ್ರ್ಯಾಕ್ಟರಿನ ಮಡ್‌ಗಾರ್ಡು, ಇವೆಲ್ಲ ನನ್ನ ಕೈಕೆಳಗೆ ಬಂದು ಹೋಗುತ್ತವೆ. ಸಾಬೂನು ನೀರು ಸಿಂಪಡಿಸಬೇಕು, ಹಾಳೆ ಇಳಿಬಿಡಬೇಕು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು, ತಿರುವು ಇದ್ದಲ್ಲಿ ಬಿಸಿ ಗಾಳಿ ಬಿಡಬೇಕು. ಕೊನೆಗೆ ಅಂಚನ್ನು ಹೆಬ್ಬೆರಳಿನಿಂದ ಒತ್ತಬೇಕು. ಚಾಳಿ ಹತ್ತಿದ್ದು ಅಲ್ಲಿಂದ.

ಅದಕ್ಕೂ ಹಿಂದೆ ಹೋದರೆ ಶಾಲೆಯ ದಿನಗಳಿವೆ. ಜೂನ್ ಬಂತೆಂದರೆ ಪುಸ್ತಕಗಳಿಗೆ ಹಳೆಯ ಪೇಪರಿನ ರಟ್ಟು ಹಾಕುವುದು. ಅವ್ವ ಜೋಳದ ಹಿಟ್ಟಿನ ಅಂಟು ಕುದಿಸಿ ಕೊಡುತ್ತಿದ್ದಳು. ಆ ಅಂಟಿನ ವಾಸನೆ ಎಷ್ಟು ಚೆನ್ನಾಗಿತ್ತೆಂದರೆ ನಾನು ಅರ್ಧ ಹಚ್ಚಿ ಅರ್ಧ ನೆಕ್ಕುತ್ತಿದ್ದೆ. ಉಳಿದದ್ದನ್ನು ಇಲಿಗಳು ಪುಸ್ತಕದ ಸಮೇತ ತಿನ್ನುತ್ತಿದ್ದವು. ನಾಲ್ಕನೆಯ ತರಗತಿಯಲ್ಲಿ ನನ್ನ ಗಣಿತದ ಪುಸ್ತಕದಲ್ಲಿ ಭಾಗಾಕಾರದ ಪಾಠವೇ ಇರಲಿಲ್ಲ. ಅದನ್ನು ಇಲಿಗಳು ಕಲಿತಿರಬೇಕು, ನಾನಂತೂ ಕಲಿಯಲಿಲ್ಲ.

ಅಪ್ಪ ಬೋರ್ಡು ಬರೆಯುವವನು. ನಮ್ಮ ಕಡೆ ಕಾಲುವೆ ಬಂದ ಹೊಸತರಲ್ಲಿ, ಕಾಲುವೆಯ ದಂಡೆಯ ಕಲ್ಲುಗಳ ಮೇಲೆ ಕಿಲೋಮೀಟರಿನ ಅಂಕಿ ಬರೆಯುವ ಕೆಲಸ ಅವನಿಗೆ ಸಿಕ್ಕಿತ್ತು. ಒಂದು ದಿನ ಮಾತಿನ ಭರದಲ್ಲಿ ಎರಡು ಕಲ್ಲುಗಳಿಗೆ ಒಂದೇ ಅಂಕಿ ಬರೆದುಬಿಟ್ಟ. ಇಂಜಿನಿಯರರ ಜೀಪು ಒಂದು ಕಿಲೋಮೀಟರು ಓಡಿ ಅದೇ ಕಲ್ಲಿನ ಮುಂದೆ ಬಂದು ನಿಂತಂತಾಯಿತು. ಡ್ರೈವರ್ ಇಳಿದು ಚಕ್ರಗಳನ್ನು ನೋಡಿದನಂತೆ. ಅಪ್ಪ ಬೈಸಿಕೊಂಡು ಮನೆಗೆ ಬಂದು, "ಸರ್ಕಾರಕ್ಕ ಒಂದು ಕಿಲೋಮೀಟರು ಪುಕ್ಕಟ ಕೊಟ್ಟೀನಿ, ಅದಕ್ಕೂ ಬೈತಾರ" ಅಂದ. ನಾನು ನಿಧಾನಿ ಆದದ್ದು ಆ ದಿನದಿಂದ. ಬರೆದದ್ದನ್ನು ಎರಡು ಸಲ, ಅಂಟಿಸಿದ್ದನ್ನು ಮೂರು ಸಲ ನೋಡುತ್ತೇನೆ. ಗಿರಾಕಿಗಳು ಬೇಸರಪಡುತ್ತಾರೆ, ಆದರೆ ನನ್ನ ಅಂಚು ಎದ್ದಿತೆಂದು ಇಂದಿಗೂ ಯಾರೂ ತಿರುಗಿ ಬಂದಿಲ್ಲ.

ಇಷ್ಟು ನಿಧಾನಿಯಾದ ನಾನು ಒಮ್ಮೆ ಮಾಡಿದ ತಪ್ಪಿನ ಸಂಗತಿ ಹೇಳಬೇಕು. ಕಂಡದ್ದನ್ನು ಕಂಡ ಹಾಗೆ, ಒಂದರ ನಂತರ ಒಂದು ಹೇಳುತ್ತೇನೆ. ಗಾಬರಿ ಬೇಡ, ಯಾರಿಗೂ ಏನೂ ಆಗಲಿಲ್ಲ.

ನಮ್ಮ ಹತ್ತಿರದ ಊರು ಸಗರದ ದೇವೀಂದ್ರಪ್ಪನವರು ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕು. ದೂರದ ಒಂದು ಶಹರದಲ್ಲಿ ಗ್ಲೈಡರ್ ತರಬೇತಿ ಕೇಂದ್ರದಲ್ಲಿ ಮೊದಲು ಮೆಕ್ಯಾನಿಕ್ ಆಗಿ, ಆಮೇಲೆ ಹಾರಿಸಲು ಕಲಿಸುವವರಾಗಿ ದುಡಿದವರು. ನಿವೃತ್ತರಾಗಿ ಊರಿಗೆ ಬರುವಾಗ ಎಲ್ಲರಂತೆ ಸೋಫಾ, ಫ್ರಿಜ್ಜು ತರಲಿಲ್ಲ. ಉದ್ದನೆಯ ಟ್ರೇಲರಿನಲ್ಲಿ ಹರಾಜಿನಲ್ಲಿ ಕೊಂಡ ಒಂದು ಹಳೆಯ ಗ್ಲೈಡರ್ ತಂದರು. ಎರಡು ಸೀಟಿನದು, ಗಾಜಿನ ನಾರಿನ, ಎಂದರೆ ಫೈಬರಿನ ಮೈ, ರೆಕ್ಕೆಗಳನ್ನು ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದರು. ಟ್ರೇಲರ್ ಶಹಾಪುರದ ಬಸ್ ನಿಲ್ದಾಣದ ಹತ್ತಿರ ನಿಂತಾಗ ಅರ್ಧ ಊರು ಸುತ್ತ ಸೇರಿತು. ಚಹಾದಂಗಡಿಯವನು ಕೆಟಲು ಹಿಡಿದುಕೊಂಡೇ ಬಗ್ಗಿ ನೋಡಿದ.

"ಎಂಜಿನ್ ಎಲ್ಲಿ ಅದ್ರಿ ಇದರದು?"

"ಇದಕ್ಕ ಎಂಜಿನ್ ಇರಂಗಿಲ್ಲಪಾ," ಅಂದರು ಕಾಕಾ.

"ಇರಂಗಿಲ್ಲ ಅಂದ್ರ? ಬಿಚ್ಚಿ ಮಾರ್ಕೊಂಡಾರ ನೋಡ್ರಿ ಅವರು. ಖರೆ ಹೇಳ್ತೀನಿ, ನಿಮಗ ಮೋಸ ಮಾಡ್ಯಾರ."

ಈ ಮಾತು ಊರಲ್ಲಿ ಖಾಯಂ ಆಯಿತು. ದೇವೀಂದ್ರಪ್ಪ ಸಾಹೇಬರು ಪಾಪ ಓದಿದವರು, ವಿಮಾನದ ಎಂಜಿನ್ ನೋಡದೆ ಕೊಂಡುಬಂದಿದ್ದಾರೆ ಎಂದು ಜನ ಮರುಗಿದರು. ಬಳಿಚಕ್ರ ಎಂಬ ಊರಿನ ಒಬ್ಬರಂತೂ ಹಳೆಯ ಪಂಪ್‌ಸೆಟ್ಟಿನ ಎಂಜಿನ್ ಒಂದು ತಮ್ಮಲ್ಲಿದೆ, ಬೇಕಾದರೆ ಕೊಡುತ್ತೇನೆ ಎಂದು ಹೇಳಿಕಳಿಸಿದ್ದರು.

ಗ್ಲೈಡರನ್ನು ಇಳಿಸಿದ್ದು ಸಗರದ ಹಾದಿಯ ಹಳೆಯ ಹತ್ತಿ ಮಿಲ್ಲಿನ ಶೆಡ್ಡಿನಲ್ಲಿ. ಕಾಕಾ ನನ್ನನ್ನು ಕರೆಸಿ ಅದರ ಮೈ ತೋರಿಸಿದರು. ಮೇಲಿನ ಬಿಳಿ ಲೇಪ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತ್ತು.

"ಇದನ್ನೆಲ್ಲ ತಿಕ್ಕಿ ತೆಗದು ಹೊಸಾ ಲೇಪ ಕೊಡಬೇಕಂದ್ರ ವರ್ಷ ಬೇಕು. ತೂಕಾನೂ ಏರ್ತದ. ನೀ ಟ್ಯಾಂಕರಿಗಿ ಹಚ್ಚತಿಯಲ್ಲ, ಅಂಥಾದ್ದು ಈ ರೆಕ್ಕಿಗಿ ಹಚ್ಚತಿಯೇನು ಭೀಮಣ್ಣ? ಹೊರಗಿನ ದೇಶದಾಗ ಹಚ್ಚಾಕತ್ತಾರ. ಹಗರ ಇರ್ತದ. ಬೇಕಾದಾಗ ಕಿತ್ತು ಒಳಗಿನ ಬಿರುಕು ನೋಡಬೌದು."

"ಹಚ್ಚಾನ್ರಿ ಕಾಕಾ. ಟ್ಯಾಂಕರ್ ಉರುಟ ಇರ್ತದ. ಇದು ಸಪಾಟ. ಇನ್ನೂ ಸಸಾರ," ಅಂದೆ. ಈ ಮಾತನ್ನು ಆಮೇಲೆ ಬಹಳ ಸಲ ನೆನೆದು ನಾಚಿದ್ದೇನೆ. ಟ್ಯಾಂಕರ್ ಹಾರುವುದಿಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಕಾ ಇದನ್ನು ತಂದದ್ದು ತಮ್ಮ ಚಟಕ್ಕಲ್ಲ. ಅವರ ಅಕ್ಕ ಮಲ್ಲಮ್ಮನಿಗಾಗಿ. ನಾನು ಆಕೆಯನ್ನು ದೊಡ್ಡವ್ವ ಅನ್ನುತ್ತೇನೆ. ಎಪ್ಪತ್ತು ದಾಟಿದವಳು, ಒಂದು ಕಣ್ಣಿಗೆ ಆಪರೇಷನ್ ಆಗಿದೆ, ನಾಲಿಗೆಗೆ ಯಾವ ಆಪರೇಷನ್ನೂ ಆಗಿಲ್ಲ. ಕಾಲುವೆ ಅಗೆಯುವಾಗ ಆಕೆ ಬುಟ್ಟಿ ಹೊತ್ತವಳು. ಆ ಕೂಲಿಯಲ್ಲಿ ತಮ್ಮನನ್ನು ಯಾದಗಿರಿಯ ಹಾಸ್ಟೆಲಿನಲ್ಲಿಟ್ಟು ಓದಿಸಿದಳು. "ಎಲ್ಲಾರೂ ಕಾಲುವಿ ಕಾಲುವಿ ಅಂತಾರ, ನಾ ನೋಡಿದ್ದು ಬರೇ ತೆಗ್ಗು. ತೆಗ್ಗಿನಾಗ ನಿಂತ್ರ ಎರಡೂ ಕಡಿ ಮಣ್ಣು. ನೀರು ಬಿಟ್ಟ ಮ್ಯಾಲ ದಂಡಿ ಮ್ಯಾಲ ನಿಂತ್ರ ಬರೇ ನೀರು. ಅದು ಎಲ್ಲಿಂದ ಬರ್ತದ, ಎಲ್ಲಿಗಿ ಹೋಗ್ತದ, ಆ ಶಿವಗೇ ಗೊತ್ತು" ಎಂದು ಆಕೆ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ತಮ್ಮನಿಗೆ ನೌಕರಿ ಸಿಕ್ಕ ದಿನವೇ ಅವನು ಮಾತು ಕೊಟ್ಟಿದ್ದ, ಅಕ್ಕಾ, ನಿನಗೆ ಕಾಲುವೆಯನ್ನು ಮೇಲಿಂದ ತೋರಿಸುತ್ತೇನೆ ಎಂದು. ಆ ಮಾತಿಗೆ ಎಷ್ಟು ವರ್ಷವಾಗಿತ್ತೆಂದರೆ ಕೊಟ್ಟವರ ತಲೆಯಲ್ಲಿ ಕೂದಲೇ ಉಳಿದಿರಲಿಲ್ಲ. ಆಕೆಯ ಇನ್ನೊಂದು ಕಣ್ಣೂ ಮಂಜಾಗುತ್ತಿತ್ತು. ಹಾರಾಟಕ್ಕೆ ಪರವಾನಗಿ ಸಿಕ್ಕದ್ದು ಬರೀ ಮೂರು ದಿನಕ್ಕೆ, ಫೆಬ್ರವರಿಯಲ್ಲಿ. ಆ ಪರವಾನಗಿಗೆ ಕಾಕಾ ಬರೆದ ಅರ್ಜಿಗಳನ್ನು ಒಂದರ ಪಕ್ಕ ಒಂದು ಅಂಟಿಸಿದ್ದರೆ ಗ್ಲೈಡರಿಗೆ ನನ್ನ ರೇಡಿಯಂ ಬೇಕಾಗುತ್ತಿರಲಿಲ್ಲ.

ಕೆಲಸ ಶುರುವಾದ ಮೊದಲ ದಿನವೇ ದೊಡ್ಡವ್ವ ಶೆಡ್ಡಿಗೆ ಬಂದು ಬಣ್ಣ ಹೇಳಿದಳು.

"ಹಸರು ಹಚ್ಚು. ಕೈಬಳಿ ಹಸರು. ಚಂದ ಕಾಣ್ತದ."

"ಆಗಂಗಿಲ್ಲಕ್ಕಾ," ಅಂದರು ಕಾಕಾ. "ಗಾಢ ಬಣ್ಣ ಬಿಸಲು ಹೀರ್ತದ. ಒಳಗಿನ ನಾರು ಬಿಸಿಗಿ ಮೆತ್ತಗ ಆಗ್ತದ. ಬಿಳೀನೇ ಇರಬೇಕು."

"ಬಿಳಿ ಹೊದ್ದು ಮ್ಯಾಲ ಹೋಗಾಕ ನಾ ಏನ್ ಸತ್ತೀನೇನೋ ದೇವ್ಯಾ?"

ಕಡೆಗೆ ರೆಕ್ಕೆಯ ತುದಿಗಳಿಗೂ ಮೂಗಿಗೂ ಅರಿಶಿನ ಬಣ್ಣ, ಉಳಿದದ್ದು ಬಿಳಿ ಎಂದು ರಾಜಿಯಾಯಿತು.

ಹತ್ತಿ ಮಿಲ್ಲಿನ ಶೆಡ್ಡು ರೇಡಿಯಂ ಕೆಲಸಕ್ಕೆ ಎಂಥ ಜಾಗ ಎಂಬುದನ್ನು ಮಾಡಿದವರೇ ಬಲ್ಲರು. ಪಕ್ಕದ ಮಿಲ್ಲು ಇನ್ನೂ ನಡೆಯುತ್ತಿತ್ತು. ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಹಾಳೆಯ ಹಿಂದಿನ ಕಾಗದ ಬಿಚ್ಚುವಷ್ಟರಲ್ಲಿ ನಾಲ್ಕು ಎಳೆ ಬಂದು ಅಂಟಿನ ಮೇಲೆ ಕೂರುತ್ತಿದ್ದವು. ಮೇಲೆ ಒರೆಸಿದರೆ ಒಳಗೆ ಸಣ್ಣ ಹುಳ ಮಲಗಿದ ಹಾಗೆ ಕಾಣುತ್ತಿತ್ತು. ಮೂರು ಹಾಳೆ ಹಾಳು ಮಾಡಿದ ಮೇಲೆ ಬುದ್ಧಿ ಬಂತು. ಬೆಳಿಗ್ಗೆ ಮಿಲ್ಲು ಶುರುವಾಗುವ ಮೊದಲು ನೆಲಕ್ಕೂ ಗೋಡೆಗೂ ನೀರು ಹೊಡೆದು ಎರಡು ತಾಸು ಮಾತ್ರ ಕೆಲಸ. ಹಾಳೆಯ ಮೇಲೆ ಹಾಳೆ ಬರುವ ಕಡೆ, ಮುಂದಿನ ಹಾಳೆಯ ಅಂಚು ಹಿಂದಿನದರ ಮೇಲೆ ಬರಬೇಕು, ಗಾಳಿಗೆ ಉಗುರು ಹಾಕಲು ಸಂದು ಸಿಗಬಾರದು. ರೆಕ್ಕೆಯ ಕೆಳಗೆ ನೀರು ಸೋರಿಹೋಗಲು ಸಣ್ಣ ತೂತುಗಳಿದ್ದವು. ಮೈಯ ಎರಡೂ ಬದಿಗೆ, ವೇಗ ಮತ್ತು ಎತ್ತರ ತೋರಿಸುವ ಮುಳ್ಳುಗಳಿಗೆ ಗಾಳಿ ಹೋಗುವ ಸಣ್ಣ ತೂತುಗಳಿದ್ದವು. ಅಂಗಡಿಯಲ್ಲಿ ತೂತು ಕಂಡರೆ ಮುಚ್ಚುವುದು ನಮ್ಮ ಧರ್ಮ. ಇಲ್ಲಿ ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಬೇಕಿತ್ತು. ಬಿಡಿಸಿದೆ, ಎಣಿಸಿದೆ, ಮತ್ತೆ ಎಣಿಸಿದೆ.

ಒಂದಕ್ಕೆ ಮಾತ್ರ ಹಚ್ಚಬೇಡ ಅಂದಿದ್ದರು ಕಾಕಾ. ಬಾಲದ ತುದಿಯಲ್ಲಿ ನಿಂತ ಹಲಗೆಗೆ, ಎಂದರೆ ಚುಕ್ಕಾಣಿಗೆ. ಅದು ಬಾಗಿಲಿನ ಹಾಗೆ ಬಿಜಾಗ್ರಿಯ ಮೇಲೆ ಅತ್ತಿತ್ತ ಆಡುತ್ತದೆ.

"ಬಿಜಾಗ್ರಿ ಹಿಂದ ತೂಕ ಬಿದ್ರ, ಜೋರು ಗಾಳ್ಯಾಗ ಅದು ತಾನಽ ಪಟಪಟ ಬಡ್ಕೊಳ್ಳಾಕ ಶುರು ಮಾಡ್ತದ. ಒಮ್ಮಿ ಶುರು ಆತಂದ್ರ ಕೈಯಾಗ ಇರಂಗಿಲ್ಲ," ಅಂದಿದ್ದರು.

ನಾನು ತಲೆ ಅಲ್ಲಾಡಿಸಿದ್ದೆ. ಒಪ್ಪಿದ್ದೆ ಎಂದಲ್ಲ, ಹಿರಿಯರು ಹೇಳುವಾಗ ಅಲ್ಲಾಡಿಸುವ ಹಾಗೆ. ಒಂದು ಹಾಳೆಯ ತೂಕ ಎಷ್ಟು ಮಹಾ ಎಂದು ಒಳಗೇ ಅಂದುಕೊಂಡಿದ್ದೆ.

ಪರವಾನಗಿಯ ಮೂರು ದಿನಗಳಲ್ಲಿ ಮೊದಲ ದಿನ ವಿಮಾನ ಇಲಾಖೆಯ ತಪಾಸಣೆಯ ಸಾಹೇಬರು ಬಂದರು. ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಎಲ್ಲ ತೂಗಿದರು, ಅಳೆದರು, ಚುಕ್ಕಾಣಿಯನ್ನು ಆಡಿಸಿ ಅದರ ಸಮತೋಲ ಬರೆದುಕೊಂಡರು. ಸಗರದ ಆಚೆಯ ಗರಸಿನ ಬಯಲಿನಲ್ಲಿ, ಕಾಕಾನ ಜೊತೆ ತಾವೇ ಕೂತು ಒಂದು ಸುತ್ತು ಹಾರಿ ಬಂದರು. ಹಾರಿಸುವ ಬಗೆ ಹೀಗೆ: ಬಯಲಿನ ಆ ತುದಿಯಲ್ಲಿ ಲಾರಿಯ ಎಂಜಿನ್ನಿಗೆ ದೊಡ್ಡ ಉರುಳೆ ಕಟ್ಟಿದ ಯಂತ್ರ ನಿಂತಿರುತ್ತದೆ. ಅದು ಉದ್ದನೆಯ ಹಗ್ಗವನ್ನು ಜೋರಾಗಿ ಸುತ್ತಿಕೊಂಡರೆ ಈ ತುದಿಯ ಗ್ಲೈಡರ್ ಗಾಳಿಪಟದ ಹಾಗೆ ಏರುತ್ತದೆ, ಮೇಲೆ ಹೋಗಿ ಹಗ್ಗ ಬಿಡುತ್ತದೆ. ಇದನ್ನು ನೋಡಲು ಬಂದಿದ್ದ ಚಹಾದಂಗಡಿಯವನ ಮುಖ ಅರಳಿತು. "ನೋಡ್ರಿ, ಎಂಜಿನ್ ಇಲ್ಲಿ ಅದ! ವಿಮಾನ ಅಲ್ಲಿ, ಎಂಜಿನ್ ಇಲ್ಲಿ. ಜೋಡಿಸೋದು ಮರತಾರ!"

ಸಾಹೇಬರು ಕಾಗದಕ್ಕೆ ರುಜು ಹಾಕಿದರು. ಮರುದಿನ ಬೆಳಿಗ್ಗೆ ದೊಡ್ಡವ್ವನ ಸರದಿ.

ಅವತ್ತು ಮಧ್ಯಾಹ್ನ ಕಾಕಾ ಸಾಹೇಬರನ್ನು ಶಹಾಪುರದ ಲಾಡ್ಜಿಗೆ ಬಿಡಲು ಹೋದರು. ಶೆಡ್ಡಿನಲ್ಲಿ ನಾನು ಮತ್ತು ದೊಡ್ಡವ್ವ ಇಬ್ಬರೇ. ಆಕೆ ಗ್ಲೈಡರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ಬಾಲದ ಹತ್ತಿರ ನಿಂತಳು.

"ಭೀಮ್ಯಾ, ಇದೇನೋ ಇದು? ಮೈತುಂಬ ಹೊಸಾ ಸೀರಿ ಉಟ್ಟು ಹರಕ ರವಕಿ ತೊಟ್ಟಂಗ ಅದ."

ನಿಜವಾಗಿತ್ತು. ಮೈಯೆಲ್ಲ ಹಾಲಿನ ಹಾಗೆ ಬೆಳ್ಳಗೆ, ಚುಕ್ಕಾಣಿ ಮಾತ್ರ ಹಳೆಯ ಹಲ್ಲಿನ ಹಾಗೆ ಹಳದಿಗಟ್ಟಿತ್ತು. ಇಪ್ಪತ್ತು ವರ್ಷದಿಂದ ನನ್ನ ಅಂಗಡಿಯಿಂದ ಅರ್ಧ ಹಚ್ಚಿದ ಗಾಡಿ ಹೊರಗೆ ಹೋಗಿಲ್ಲ. ಅದರಲ್ಲೂ ಹಿಂಭಾಗ. ನಮ್ಮ ಕಸುಬಿನಲ್ಲಿ ಹಿಂಭಾಗವೇ ಮುಖ. ಗಾಡಿ ಹೋದ ಮೇಲೆ ಜನ ನೋಡುವುದು ಅದನ್ನೇ.

"ಕಾಕಾ ಬ್ಯಾಡ ಅಂದಾರ ದೊಡ್ಡವ್ವ."

"ಅಂವ ಸಣ್ಣಾಂವ ಇದ್ದಾಗಿಂದ ಎಲ್ಲದಕ್ಕೂ ಬ್ಯಾಡ ಅಂತಾನ. ಊಟ ಬ್ಯಾಡ, ಜಳಕ ಬ್ಯಾಡ. ನಾಳಿ ಅದರಾಗ ಕೂಡಾಕಿ ನಾನು. ಹಚ್ಚು."

ಹಚ್ಚಿದೆ. ಬಿಳಿಯ ಮೇಲೆ ಬಿಳಿ, ಎರಡೂ ಬದಿ. ಅಂಚುಗಳನ್ನು ಒಳಕ್ಕೆ ಮಡಿಚಿ ಎಷ್ಟು ಚೆನ್ನಾಗಿ ಒತ್ತಿದೆನೆಂದರೆ, ನನಗೇ ಹಾಳೆ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮಾಡಿಲ್ಲ. ಮರುದಿನ ಬೆಳಿಗ್ಗೆ ಬಯಲಿನಲ್ಲಿ ಕಾಕಾ ಸುತ್ತ ನಡೆದು ಎಲ್ಲವನ್ನೂ ಮುಟ್ಟಿ ನೋಡಿದರು. ಚುಕ್ಕಾಣಿಯನ್ನೂ ಆಡಿಸಿದರು.

"ಬಾಲ ತೊಳದಿಯೇನು? ಚಲೋ ಬೆಳ್ಳಗಾಗ್ಯದ."

"ಹ್ಞೂಂ ರೀ," ಅಂದೆ.

ಇಷ್ಟೇ. ಒಂದು 'ಹ್ಞೂಂ', ಒಂದು 'ರೀ'. ನನ್ನ ಸುಳ್ಳು ಇಷ್ಟು ಸಣ್ಣದಾಗಿತ್ತು.

ದೊಡ್ಡವ್ವ ಹಿಂದೆ ಕಾಲುವೆ ಕೆಲಸಕ್ಕೆ ಹೋಗುವಾಗ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಸೀರೆ ಉಟ್ಟು ಬಂದಿದ್ದಳು. ಮುಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದರು. "ಇಷ್ಟು ಬಿಗೀತಿ, ನಾ ಏನ್ ಓಡಿ ಹೋಗ್ತೀನೇನು?" ಅಂದಳು. ಹಿಂದಿನ ಸೀಟಿನಲ್ಲಿ ಕಾಕಾ. ಗಾಜಿನ ಮುಚ್ಚಳ ಇನ್ನೂ ತೆರೆದೇ ಇತ್ತು. ಸಾಹೇಬರು ಪಕ್ಕದಲ್ಲಿ ನಿಂತಿದ್ದರು. ನನ್ನ ಕೆಲಸ ರೆಕ್ಕೆಯ ತುದಿ ಹಿಡಿಯುವುದು. ಗ್ಲೈಡರಿಗೆ ನಡುವೆ ಒಂದೇ ಚಕ್ರ, ನಿಂತಾಗ ಒಂದು ರೆಕ್ಕೆ ನೆಲಕ್ಕೆ ಒರಗಿರುತ್ತದೆ. ಎಲ್ಲ ಸರಿಯಿದೆ ಎಂದಾಗ ರೆಕ್ಕೆ ಹಿಡಿದವನು ಅದನ್ನು ಸಮ ಎತ್ತಬೇಕು. ಅದನ್ನು ನೋಡಿಯೇ ಆ ತುದಿಯವರು ಹಗ್ಗ ಎಳೆಯುವುದು. ನಾನು ಎತ್ತದಿದ್ದರೆ ಏನೂ ನಡೆಯುವುದಿಲ್ಲ.

ಗಾಳಿಯ ದಿಕ್ಕು ನೋಡಲು ಒಂದು ಕೋಲಿಗೆ ಬಟ್ಟೆಯ ಚೂರು ಕಟ್ಟಿದ್ದರು. ಅಷ್ಟು ಹೊತ್ತು ಜೋತು ಬಿದ್ದಿದ್ದ ಅದು ಆ ಹೊತ್ತಿಗೇ ಒಂದು ಗಾಳಿ ಬಂದು ಪಟಪಟ ಬಡಿದುಕೊಳ್ಳತೊಡಗಿತು. ನಾನು ಅದನ್ನು ನೋಡಿದೆ. ಆಮೇಲೆ ಬಾಲವನ್ನು ನೋಡಿದೆ. ಕಾಕಾ ಹೇಳಿದ್ದ ಮಾತು ಶೆಡ್ಡಿನಲ್ಲಿ ನನ್ನ ತಲೆಯ ಮೇಲಿಂದ ಹೋಗಿತ್ತು. ಈಗ ಒಂದೊಂದೇ ಅಕ್ಷರವಾಗಿ ಕಿವಿಗೆ ಬಂತು.

"ಭೀಮಣ್ಣಾ, ಎತ್ತು."

ನಾನು ಎತ್ತಲಿಲ್ಲ.

"ಎತ್ತೋ, ಹಗ್ಗ ಕಾದದ."

"ಕಾಕಾ, ನಾ ತೊಳದಿಲ್ರಿ."

"ಏನ್ ತೊಳದಿಲ್ಲ?"

"ಬಾಲ. ತೊಳದಿಲ್ರಿ ನಾ. ರೇಡಿಯಂ ಹಚ್ಚೀನಿ. ಬಿಳೀದು. ಎರಡೂ ಕಡಿ."

ಕಾಕಾ ಕೈಯೆತ್ತಿ ಆ ತುದಿಯ ಯಂತ್ರವನ್ನು ನಿಲ್ಲಿಸಿದರು, ಹಗ್ಗ ಬಿಡಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾಹೇಬರು ಬಾಲದ ಹತ್ತಿರ ಹೋಗಿ ಬಗ್ಗಿ, ಉಗುರಿನಿಂದ ಅಂಚು ಹುಡುಕಿದರು. ಸಿಗಲಿಲ್ಲ.

"ಎಲ್ಲಿದೆಯಪ್ಪಾ ಇದು?" ಅಂದರು. ನಾನೇ ಹೋಗಿ ತೋರಿಸಬೇಕಾಯಿತು.

"ಇವತ್ತಿಗೆ ಸಾಕು ಮಾಡೋಣ ದೇವೀಂದ್ರಪ್ಪನವರೇ. ನಾನು ರುಜು ಮಾಡಿದ ವಿಮಾನ ಇದಲ್ಲ."

ಆಗ ಮುಂದಿನ ಸೀಟಿನಿಂದ ದೊಡ್ಡವ್ವನ ದನಿ ಎದ್ದಿತು. "ಸಾಹೇಬ್ರ, ಇಲ್ಲಿ ಬರ್ರಿ. ಹಚ್ಚು ಅಂದಾಕಿ ನಾ. ಅಂವ ಬ್ಯಾಡ ಅಂದಿದ್ದ. ಬೈಯೋದಿದ್ರ ನನ್ನ ಬೈರಿ. ಆದ್ರ ನಾ ಇದರಾಗಿಂದ ಇಳಿಯಂಗಿಲ್ಲ. ಇಳಸಬೇಕಂದ್ರ ಹಗ್ಗ ಕಟ್ಟಿ ಎಳೀರಿ, ಹೆಂಗೂ ಹಗ್ಗ ಅದ."

ಸಾಹೇಬರು ಆಕೆಯನ್ನು ನೋಡಿದರು, ಬಾಲವನ್ನು ನೋಡಿದರು, ಗಡಿಯಾರ ನೋಡಿದರು. ನನ್ನ ಕಡೆ ತಿರುಗಿ, "ಎಷ್ಟು ಹೊತ್ತು ಬೇಕು ಬಿಚ್ಚೋದಕ್ಕೆ?" ಅಂದರು.

"ಬಿಸಲು ಏರ್ಯದ್ರಿ, ಅಂಟು ಮೆತ್ತಗ ಆಗ್ಯದ. ಒಂದು ತಾಸು."

ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಅವಸರದಿಂದ ಎಳೆದರೆ ಹಾಳೆಯ ಜೊತೆ ಕೆಳಗಿನ ಲೇಪವೂ ಬರುತ್ತದೆ. ಒಂದು ಮೂಲೆ ಎಬ್ಬಿಸಿ, ಮಡಿಚಿ, ಬೆರಳಿನಷ್ಟು ಬೆರಳಿನಷ್ಟು ಎಳೆಯುತ್ತ ಹೋದೆ. ಅಷ್ಟು ಪ್ರೀತಿಯಿಂದ ಒತ್ತಿದ ಅಂಚುಗಳು ನನಗೇ ಹಟ ಹಿಡಿದು ನಿಂತವು. ದೊಡ್ಡವ್ವ ಹೇಳಿದ ಹಾಗೆ ಇಳಿಯಲಿಲ್ಲ. ಯಾರೋ ಮೇಲೆ ಕೊಡೆ ಹಿಡಿದರು. ಕೂತಲ್ಲೇ ಎಲೆ ಅಡಿಕೆ ಹಾಕಿಕೊಂಡಳು. ಬಿಚ್ಚಿದ ಹಾಳೆಗಳನ್ನು ಉಂಡೆ ಮಾಡಿ ಸಾಹೇಬರು ತಮ್ಮ ಸಣ್ಣ ತಕ್ಕಡಿಯ ಕೊಕ್ಕೆಗೆ ಹಾಕಿದರು.

"ಇನ್ನೂರ ಎಂಬತ್ತು ಗ್ರಾಂ."

"ಪಾವ್ ಕಿಲೋದ ಮ್ಯಾಲ ಆತು," ಅಂದಳು ದೊಡ್ಡವ್ವ. "ಇಷ್ಟು ಬದನಿಕಾಯಿ ಇದ್ರ ನಾಕು ಮಂದಿ ಉಣ್ತಾರ."

ಯಾರೋ ನಕ್ಕರು. ಆಮೇಲೆ ಸಾಹೇಬರೂ ನಕ್ಕರು. ನಾನು ಅವರನ್ನು ಮೆಲ್ಲಗೆ ಕೇಳಿದೆ, ಹಾಗೆಯೇ ಹಾರಿದ್ದರೆ ಏನಾಗುತ್ತಿತ್ತು ಎಂದು. "ನಿಧಾನವಾಗಿ ಹಾರಿದ್ರೆ ಏನೂ ಆಗದೇ ಇರಬಹುದಿತ್ತು. ವೇಗ ಏರಿದ್ರೆ ಹೇಳಕ್ಕಾಗಲ್ಲ," ಅಂದರು. ಅವರು ಹೇಳಿದ್ದು ಇಷ್ಟು. ನಾನು ಇದಕ್ಕೆ ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ತೆಗೆದಿಲ್ಲ. ಚುಕ್ಕಾಣಿಯ ಸಮತೋಲವನ್ನು ಅವರು ಮತ್ತೆ ಅಳೆದರು. ನಿನ್ನೆಯ ಅಂಕಿಯೇ ಬಂತು. ಕಾಗದದ ಮೇಲೆ ಮತ್ತೊಮ್ಮೆ ರುಜು ಬಿತ್ತು.

ಅಷ್ಟರಲ್ಲಿ ಹನ್ನೊಂದೂವರೆ ಗಂಟೆ. ತಪ್ಪು ಒಪ್ಪಿಕೊಂಡ ಮೇಲೆ ಕಾಕಾ ಮೊದಲ ಸಲ ನನ್ನ ಜೊತೆ ಮಾತಾಡಿದರು. "ಭೀಮಣ್ಣ, ಅಲ್ಲಿ ನೋಡು." ಎರೆಹೊಲದ ಮೇಲೆ ನಾಲ್ಕು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತಿದ್ದವು. "ಬಿಸಿ ಗಾಳಿ ಏಳಾಕತ್ತದ. ಮುಂಜಾನಿ ಹಾರಿದ್ರ ಐದು ನಿಮಿಷಕ್ಕ ಇಳೀತಿದ್ವಿ. ಈಗ ನೋಡು." ಕ್ಷಮಿಸಿದ್ದೇನೆ ಎಂದು ಅವರು ಹೇಳಿದ್ದು ಹೀಗೆ. ನಾನು ಹಾಗೆ ತಿಳಿದುಕೊಂಡಿದ್ದೇನೆ.

ರೆಕ್ಕೆ ಎತ್ತಿದೆ. ಹಗ್ಗ ಬಿಗಿಯಿತು. ನಾಲ್ಕು ಹೆಜ್ಜೆ ಜೊತೆಗೆ ಓಡಿದೆ, ಐದನೆಯದಕ್ಕೆ ರೆಕ್ಕೆ ನನ್ನ ಕೈ ಬಿಟ್ಟು ಹೋಯಿತು. ಗ್ಲೈಡರ್ ಮೂಗು ಎತ್ತಿ ಏರಿತು, ಹಗ್ಗ ಬಿಟ್ಟಿತು, ಹದ್ದುಗಳ ಕಡೆ ತಿರುಗಿತು. ಬೆಳ್ಳಗಿನ ಮೈ, ಹಳದಿಗಟ್ಟಿದ ಬಾಲ. ಇಪ್ಪತ್ತೆರಡು ನಿಮಿಷ ಅದು ಮೇಲಿತ್ತು. ನಾನು ಮೊಬೈಲಿನಲ್ಲಿ ನೋಡಿಕೊಂಡಿದ್ದೇನೆ. ಆ ಇಪ್ಪತ್ತೆರಡು ನಿಮಿಷ ನಾನು ಬಾಲವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಇಳಿದು ನಿಂತಾಗ ಎಲ್ಲರೂ ಓಡಿದೆವು. ಮುಚ್ಚಳ ತೆರೆಯಿತು. ಆಕೆ ಅಳುತ್ತಾಳೆ, ತಮ್ಮನ ತಲೆ ಸವರುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆಕೆ ಪಟ್ಟಿಗಳನ್ನು ಕಿತ್ತುಕೊಳ್ಳುತ್ತಿದ್ದಳು.

"ಹೆಂಗಿತ್ತಕ್ಕಾ? ಕಾಲುವಿ ಕಾಣ್ತೇನು?" ಅಂದರು ಕಾಕಾ.

"ಕಂಡ್ತು. ಎಲ್ಲಿಗಿ ಹೋಗ್ತದಂತ ನೋಡಾಕ ಹೋಗಿದ್ದೆ, ಎಲ್ಲಿ ನಿಂತದ ಅನ್ನೋದೂ ಕಂಡ್ತು. ಭೀಮ್ಯಾ, ಗಾಡಿ ತಗಿ."

"ಎಲ್ಲಿಗಿ ದೊಡ್ಡವ್ವ?"

"ತಗಿ ಅಂದೆ."

ನನ್ನ ಮೋಟರ್ ಸೈಕಲ್ಲಿನ ಹಿಂದೆ ಕೂತು, ಆ ಕಚ್ಚೆಯಲ್ಲೇ, ಎಡಕ್ಕೆ ಬಲಕ್ಕೆ ಎಂದು ದಾರಿ ಹೇಳಿದಳು. ದೊಡ್ಡ ಕಾಲುವೆಯಿಂದ ಒಡೆದ ಸಣ್ಣ ಕಾಲುವೆಯ ದಂಡೆ ಹಿಡಿದು ಹೋದೆವು. ಆ ಸಣ್ಣ ಕಾಲುವೆಯ ಕೆಳಗಿನ ಹೊಲಗಳಿಗೆ ಆ ಸಲ ನೀರೇ ಬಂದಿರಲಿಲ್ಲ. ಕಾಲುವೆ ಸೋರುತ್ತಿದೆ ಎಂದು ಕೆಲವರು, ಮೇಲಿಂದಲೇ ಬಿಟ್ಟಿಲ್ಲ ಎಂದು ಕೆಲವರು ಅನ್ನುತ್ತಿದ್ದರು. ಒಂದು ತಿರುವಿನ ಆಚೆ, ದಾರಿಯಿಂದ ಕಾಣದ ಹಾಗೆ, ಜಾಲಿ ಗಿಡಗಳ ಮರೆಯಲ್ಲಿ ಕಾಲುವೆಗೆ ಅಡ್ಡಲಾಗಿ ಮಣ್ಣು ತುಂಬಿದ ಚೀಲಗಳು ಕೂತಿದ್ದವು. ಈಚೆಗೆ ತುಂಬಿದ ನೀರು, ಆಚೆಗೆ ಒಣ ಮಣ್ಣು. ಆ ನೀರು ತಿರುಗಿ ಹರಿಯುತ್ತಿದ್ದ ಪಕ್ಕದ ಮೆಣಸಿನಕಾಯಿ ಹೊಲದ ಯಜಮಾನ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಬಸಣ್ಣ ಎಂದಿಟ್ಟುಕೊಳ್ಳಿ.

ದೊಡ್ಡವ್ವ ನೀರಿಗಿಳಿದು, ಚೀಲಗಳ ಸಾಲನ್ನು ಒಮ್ಮೆ ಕಣ್ಣಳತೆ ಮಾಡಿ, ಯಾವುದನ್ನು ಎಳೆದರೆ ಉಳಿದವು ತಾವಾಗಿ ಕುಸಿಯುತ್ತವೆಯೋ ಆ ಒಂದು ಚೀಲಕ್ಕೇ ಕೈ ಹಾಕಿದಳು. ಮಣ್ಣು ಹೊತ್ತವರಿಗೆ ಮಣ್ಣಿನ ಗುಟ್ಟು ಗೊತ್ತಿರುತ್ತದೆ. ನಾನು ಜೊತೆಗೆ ಎಳೆದೆ. ನೀರು ಗಡಗಡನೆ ಆಚೆಗೆ ನುಗ್ಗಿತು.

ಬಸಣ್ಣ ಬೀಡಿ ಬಿಸಾಡಿ ಎದ್ದು ಬಂದ. "ಏ ಮಲ್ಲಕ್ಕಾ, ಇಲ್ಲಿ ಚೀಲ ಅದಾವಂತ ಯಾರ್ ಹೇಳ್ಯಾರ ನಿನಗ?"

ಆಕೆ ಮಂಡಿಯುದ್ದ ನೀರಿನಲ್ಲಿ ನಿಂತು, ಒಂದು ಬೆರಳನ್ನು ಮೇಲಕ್ಕೆ ತೋರಿಸಿದಳು. ಬಸಣ್ಣ ತಲೆ ಎತ್ತಿ ನೋಡಿದ. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದ.

"ನಾಳಿ ಮತ್ತ ಹೋಗಾಕಿ ನಾನು," ಅಂದಳು ದೊಡ್ಡವ್ವ. "ದಿನಾ ಹೋಗಾಕಿ."

ಮರುದಿನ, ಎಂದರೆ ಪರವಾನಗಿಯ ಮೂರನೆಯ ದಿನ, ಗಾಳಿ ಸರಿಯಿರಲಿಲ್ಲ, ಯಾರೂ ಹಾರಲಿಲ್ಲ. ಆಮೇಲೆ ಕಾಕಾ ರೆಕ್ಕೆ ಬಿಚ್ಚಿ ಗ್ಲೈಡರನ್ನು ದೂರದ ಒಂದು ಕ್ಲಬ್ಬಿಗೆ ಕೊಟ್ಟುಬಿಟ್ಟರು. ಟ್ರೇಲರ್ ನಸುಕಿನಲ್ಲಿ ಹೋಯಿತು, ನೋಡಿದವರು ಕಡಿಮೆ. ಶೆಡ್ಡಿನ ಬಾಗಿಲಿಗೆ ಮಾತ್ರ ದೊಡ್ಡವ್ವ ತಾನೇ ಒಂದು ದೊಡ್ಡ ಬೀಗ ಹಾಕಿದ್ದಾಳೆ. ಯಾರಾದರೂ ಕೇಳಿದರೆ, "ಒಳಗ ಅದ. ಸರ್ವಿಸಿಂಗ್ ನಡದದ" ಅನ್ನುತ್ತಾಳೆ.

ಆ ಸಣ್ಣ ಕಾಲುವೆಯ ಕೆಳಗಿನವರು ಹೇಳುವುದನ್ನು ಕೇಳಿದ್ದೇನೆ. ಅಲ್ಲಿ ಈಗಲೂ ಯಾರಾದರೂ ಚೀಲ ಹೊತ್ತು ದಂಡೆಗೆ ಬಂದರೆ, ಇಳಿಸುವ ಮೊದಲು ಒಮ್ಮೆ ಆಕಾಶ ನೋಡುತ್ತಾರಂತೆ. ನೋಡಿ, ಹೊತ್ತದ್ದನ್ನು ಹಾಗೆಯೇ ವಾಪಸು ಒಯ್ಯುತ್ತಾರಂತೆ. ಶೆಡ್ಡು ಖಾಲಿ ಎಂಬುದು ಕಾಕಾನಿಗೆ, ದೊಡ್ಡವ್ವನಿಗೆ, ನನಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು. ಸಗರದ ಕಡೆ ಹೋದರೆ ದಯವಿಟ್ಟು ಬಾಯಿ ಬಿಡಬೇಡಿ.